ಮಳೆಯ ದಿನದ ಅಂಕಪಟ್ಟಿ

1993ರ ಏಪ್ರಿಲ್ 11, ಈಸ್ಟರ್ ಭಾನುವಾರ. ಇಂಗ್ಲೆಂಡಿನ ಡಾನಿಂಗ್ಟನ್ ಪಾರ್ಕ್ ಎಂಬಲ್ಲಿ ಚಳಿಯ ಜೊತೆಗೆ ಜಿಟಿಜಿಟಿ ಮಳೆ. ಯೂರೋಪಿಯನ್ ಗ್ರ್ಯಾನ್ ಪ್ರಿ ಸ್ಪರ್ಧೆಗಾಗಿ ಫಾರ್ಮುಲಾ ಒನ್ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಎಲ್ಲಕ್ಕೂ ಮುಂದೆ ವಿಲಿಯಮ್ಸ್ ತಂಡದ ಎರಡು ಕಾರುಗಳು. ಒಂದರಲ್ಲಿ ಫ್ರಾನ್ಸಿನ ಅಲೇನ್ ಪ್ರಾಸ್ಟ್, ಇನ್ನೊಂದರಲ್ಲಿ ಇಂಗ್ಲೆಂಡಿನ ಡೇಮನ್ ಹಿಲ್. ಮೂರನೆಯವನು ಜರ್ಮನಿಯ ಮೈಕೆಲ್ ಶುಮಾಕರ್. ನಾಲ್ಕನೆಯ ಜಾಗದಲ್ಲಿ, ಮೆಕ್‌ಲಾರೆನ್ ಕಾರಿನಲ್ಲಿ, ಬ್ರೆಜಿಲ್‌ನ ಐರ್ಟನ್ ಸೆನ್ನಾ. ಹಿಂದಿನ ದಿನ ಒಣ ರಸ್ತೆಯಲ್ಲಿ ನಡೆದ ಅರ್ಹತಾ ಸುತ್ತಿನಲ್ಲಿ ಪ್ರಾಸ್ಟ್ ತೆಗೆದುಕೊಂಡದ್ದು 1 ನಿಮಿಷ 10.458 ಸೆಕೆಂಡು, ಸೆನ್ನಾ 1 ನಿಮಿಷ 12.107 ಸೆಕೆಂಡು. ಒಂದೂವರೆ ಸೆಕೆಂಡೇನು ಮಹಾ ಎನ್ನಬೇಡಿ. ಸುತ್ತಿಗೆ ಅಷ್ಟು ಹಿಂದೆ ಬಿದ್ದವನು 76 ಸುತ್ತುಗಳ ಓಟ ಮುಗಿಯುವ ಹೊತ್ತಿಗೆ ಎರಡು ನಿಮಿಷಕ್ಕೂ ಹೆಚ್ಚು ಹಿಂದುಳಿದಿರುತ್ತಾನೆ.

ಲೆಕ್ಕ ಹಾಗೆ ಹೇಳುತ್ತಿತ್ತು. ಆದರೆ ರಸ್ತೆ ಒದ್ದೆಯಾಗಿತ್ತು.

ದೀಪ ಹಸಿರಾದೊಡನೆ ಸೆನ್ನಾ ಮುಂದೆ ಹೋಗುವ ಬದಲು ಹಿಂದಕ್ಕೆ ಬಿದ್ದ. ಶುಮಾಕರ್ ಅವನನ್ನು ಒಂದು ಬದಿಗೆ ಒತ್ತಿದ. ಆ ಸಂದಿಯಲ್ಲಿ ಆಸ್ಟ್ರಿಯಾದ ಕಾರ್ಲ್ ವೆಂಡ್ಲಿಂಗರ್ ಮುಂದೆ ನುಗ್ಗಿದ. ಸೆನ್ನಾ ಐದನೆಯವನಾದ. ಮೊದಲ ತಿರುವಿನಿಂದ ಹೊರಬರುವಾಗಲೇ ಶುಮಾಕರ್‌ನನ್ನು ಹಿಂದೆ ಹಾಕಿದ. ಅಲ್ಲಿಂದ ರಸ್ತೆ ಇಳಿಜಾರಿನಲ್ಲಿ ಹಾವಿನಂತೆ ಹೊರಳುತ್ತದೆ. ಉಳಿದವರು ಜೀವ ಕೈಯಲ್ಲಿ ಹಿಡಿದು ಇಳಿಯುತ್ತಿದ್ದ ಆ ಜಾಗದಲ್ಲಿ ಅವನು ಹೊರಬದಿಯಿಂದ ವೆಂಡ್ಲಿಂಗರ್‌ನನ್ನು ದಾಟಿದ. ಮುಂದಿನ ತಿರುವುಗಳಲ್ಲಿ ಹಿಲ್, ಸುತ್ತು ಮುಗಿಯುವ ಮುಂಚಿನ ಮೆಲ್ಬೋರ್ನ್ ತಿರುವಿನಲ್ಲಿ ಪ್ರಾಸ್ಟ್. ನಾಲ್ಕು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ಒಂದೇ ಒಂದು ಸುತ್ತಿನಲ್ಲಿ ಐದರಿಂದ ಒಂದಕ್ಕೆ!

ಇದರಲ್ಲಿ ಪವಾಡವೇನೂ ಇಲ್ಲ. ಹೈಸ್ಕೂಲಿನ ಭೌತಶಾಸ್ತ್ರ ಸಾಕು. ಕಾರನ್ನು ಮುಂದೆ ತಳ್ಳುವುದು ಎಂಜಿನ್ ಎಂದು ನಾವು ಹೇಳುತ್ತೇವೆ. ನಿಜವಾಗಿ ತಳ್ಳುವುದು ರಸ್ತೆ. ಗಾಲಿ ರಸ್ತೆಯನ್ನು ಹಿಂದಕ್ಕೆ ಒತ್ತುತ್ತದೆ, ರಸ್ತೆ ಗಾಲಿಯನ್ನು ಮುಂದಕ್ಕೆ ಒತ್ತುತ್ತದೆ. ಈ ಕೊಡುಕೊಳ್ಳುವಿಕೆಗೆ ಘರ್ಷಣೆ ಬೇಕು. ಟೈರು ಮತ್ತು ರಸ್ತೆಯ ನಡುವೆ ನೀರಿನ ತೆಳುವಾದ ಪದರ ಬಂತೆಂದರೆ ಘರ್ಷಣೆ ಕುಸಿಯುತ್ತದೆ. ಆಗ ಎಂಜಿನ್‌ನಲ್ಲಿ ಎಷ್ಟು ಶಕ್ತಿ ಇದ್ದರೇನು, ಮಿತಿ ಮೀರಿದ್ದೆಲ್ಲ ಗಾಲಿಯನ್ನು ನಿಂತಲ್ಲೇ ಗಿರಗಿರನೆ ತಿರುಗಿಸುವುದಕ್ಕೆ ಮಾತ್ರ. ವಿಲಿಯಮ್ಸ್‌ನ ಹತ್ತು ಸಿಲಿಂಡರಿನ ರೆನಾಲ್ಟ್ ಎಂಜಿನ್, ಸೆನ್ನಾನ ಎಂಟು ಸಿಲಿಂಡರಿನ ಫೋರ್ಡ್ ಎಂಜಿನ್‌ಗಿಂತ ಬಲಶಾಲಿ. ಆ ಹೆಚ್ಚಿನ ಬಲ ಅಂದು ನೀರುಪಾಲಾಯಿತು. ಸವೆದ ಟೈರಿನ ಸ್ಕೂಟರಿನಲ್ಲಿ ಮೊದಲ ಮಳೆಗೆ ಸಿಕ್ಕಿಬಿದ್ದ ಯಾವ ತಂದೆಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವಿದೆ. ಕಾರುಗಳು ದಿನವೂ ಓಡುವ ಜಾಡಿನಲ್ಲಿ ಟೈರಿನ ರಬ್ಬರು ಮೆತ್ತಿಕೊಂಡಿರುತ್ತದೆ. ಒಣಗಿದ್ದಾಗ ಆ ಜಾಡೇ ಎಲ್ಲಕ್ಕಿಂತ ಹೆಚ್ಚು ಹಿಡಿತ ಕೊಡುವುದು. ಮಳೆ ಬಿದ್ದಾಗ ಅದೇ ಜಾಡು ಎಣ್ಣೆ ಸವರಿದಂತೆ ಜಾರುತ್ತದೆ. ಒರಟಾದ ರಸ್ತೆ ಸಿಗುವುದು ಯಾರೂ ಓಡಿಸದ ಬದಿಗಳಲ್ಲಿ. ಬಾಲ್ಯದಲ್ಲಿ ಪುಟ್ಟ ಕಾರ್ಟ್ ಓಡಿಸುತ್ತಿದ್ದಾಗ ಮಳೆಯ ಒಂದು ಸ್ಪರ್ಧೆಯಲ್ಲಿ ಹೀನಾಯವಾಗಿ ಸೋತು, ಆಮೇಲೆ ಮಳೆ ಬಂದಾಗಲೆಲ್ಲ ಅಭ್ಯಾಸಕ್ಕೆ ಇಳಿಯುತ್ತಿದ್ದುದಾಗಿ ಸೆನ್ನಾ ಹೇಳಿಕೊಂಡದ್ದುಂಟು. ಡಾನಿಂಗ್ಟನ್‌ನ ಆ ಹೊರಬದಿಯ ದಾರಿ ಅಂದು ಹೊಳೆದದ್ದಲ್ಲ ಎನ್ನಿ.

ಕಾರಿನ ಪಾಲನ್ನು ಅಲ್ಲಗಳೆಯುವುದೂ ನ್ಯಾಯವಲ್ಲ. ಆ ವರ್ಷದ ಕಾರುಗಳಲ್ಲಿ ಗಾಲಿ ಜಾರಿದರೆ ತಾನೇ ಶಕ್ತಿ ತಗ್ಗಿಸುವ ವಿದ್ಯುನ್ಮಾನ ವ್ಯವಸ್ಥೆ ಇತ್ತು; ಮೆಕ್‌ಲಾರೆನ್‌ನಲ್ಲೂ ಇತ್ತು. ಹಾಗಾದರೆ ಗೆದ್ದದ್ದು ಯಂತ್ರವೋ ಮನುಷ್ಯನೋ? ಪ್ರಯೋಗಶಾಲೆಯಲ್ಲಿ ಮಾಡುವಂತೆ, ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ನೋಡಬೇಕು. ಅದೃಷ್ಟಕ್ಕೆ ಆ ಪ್ರಯೋಗವೂ ಅಂದೇ ನಡೆಯಿತು. ಅಂಥದೇ ಇನ್ನೊಂದು ಮೆಕ್‌ಲಾರೆನ್‌ನಲ್ಲಿ ಅಮೆರಿಕದ ಮೈಕೆಲ್ ಆಂಡ್ರೆಟ್ಟಿ ಇದ್ದ. ತನ್ನ ದೇಶದ ಇಂಡಿಕಾರ್ ಪಂದ್ಯಾವಳಿಯಲ್ಲಿ 1991ರ ಚಾಂಪಿಯನ್, ಸಾಮಾನ್ಯನಲ್ಲ. ಅವನು ಮೊದಲ ಸುತ್ತಿನಲ್ಲೇ ವೆಂಡ್ಲಿಂಗರ್‌ಗೆ ಡಿಕ್ಕಿ ಹೊಡೆದ. ಇಬ್ಬರ ಆಟವೂ ಅಲ್ಲಿಗೆ ಮುಗಿಯಿತು.

ಮುಂದಿನದು ಟೈರುಗಳ ಕಥೆ. ಮಳೆ ಬರುವುದು, ನಿಲ್ಲುವುದು, ರಸ್ತೆ ಒಣಗುವಷ್ಟರಲ್ಲಿ ಮತ್ತೆ ಬರುವುದು. ಒಣ ರಸ್ತೆಗೆ ನುಣುಪಾದ ಟೈರು, ಒದ್ದೆಗೆ ನೀರು ಹೊರಹಾಕುವ ಗೀರುಗಳ ಟೈರು. ಪ್ರತಿ ಬದಲಾವಣೆಗೂ ಒಳಗೆ ಬಂದು ನಿಲ್ಲಬೇಕು, ಸಮಯ ಕಳೆಯಬೇಕು. ಹನಿ ಬಿದ್ದೊಡನೆ ಪ್ರಾಸ್ಟ್ ಮತ್ತು ಹಿಲ್ ಒಳಗೆ ಬಂದು ಮಳೆಯ ಟೈರು ಹಾಕಿಸಿಕೊಳ್ಳುವರು. ಅಷ್ಟರಲ್ಲಿ ಮಳೆ ನಿಲ್ಲುವುದು, ಮತ್ತೆ ಒಳಗೆ. ಪ್ರಾಸ್ಟ್ ಹೀಗೆ ಏಳು ಬಾರಿ ಬಂದ. ಒಮ್ಮೆ ಎಂಜಿನ್ ಬೇರೆ ನಿಂತುಹೋಯಿತು. ಸೆನ್ನಾ ನಾಲ್ಕು ಬಾರಿ ಬದಲಿಸಿದ. ಒಂದು ಮಳೆಯನ್ನಂತೂ ನುಣುಪು ಟೈರಿನಲ್ಲೇ ಸಹಿಸಿಕೊಂಡು ದಾಟಿದ.

ಒಂದು ತಮಾಷೆಯನ್ನೂ ಹೇಳಬೇಕು. 57ನೇ ಸುತ್ತಿನಲ್ಲಿ ಸೆನ್ನಾ ಟೈರು ಬದಲಿಸುವ ಓಣಿಗೆ ಬಂದು, ನಿಲ್ಲದೆ ಹಾಗೆಯೇ ಹೊರಗೆ ಹೋದ. ದಂಡವಾಯಿತೆಂದು ನೋಡಿದವರು ಅಂದುಕೊಂಡಿರಬೇಕು. ಆದರೆ ಆ ಓಣಿ ಕೊನೆಯ ತಿರುವನ್ನು ತಪ್ಪಿಸಿ ಹೋಗುವ ಅಡ್ಡದಾರಿ. ಓಣಿಯಲ್ಲಿ ವೇಗಕ್ಕೆ ಮಿತಿ ಇಲ್ಲದಿದ್ದ ಕಾಲ ಅದು. 1 ನಿಮಿಷ 18.029 ಸೆಕೆಂಡು. ಇಡೀ ಸ್ಪರ್ಧೆಯ ಅತಿವೇಗದ ಸುತ್ತು ಅದೇ ಎಂದು ದಾಖಲಾಯಿತು!

ಸೆನ್ನಾ ಗೆದ್ದಾಗ ಎರಡನೆಯವನಾದ ಹಿಲ್ 1 ನಿಮಿಷ 23 ಸೆಕೆಂಡು ಹಿಂದಿದ್ದ. ಮೂರನೆಯವನಾದ ಪ್ರಾಸ್ಟ್ ಒಂದು ಪೂರ್ತಿ ಸುತ್ತು ಹಿಂದೆ. ನಾಲ್ಕನೆಯವನಾಗಿ ಬಂದ ಲೋಟಸ್‌ನ ಜಾನಿ ಹರ್ಬರ್ಟ್‌ನ ಹೆಸರನ್ನು ಹೆಚ್ಚು ಜನ ನೆನೆಯುವುದಿಲ್ಲ. ಅವನು ಟೈರು ಬದಲಿಸಿದ್ದು ಒಂದೇ ಬಾರಿ. ಒಮ್ಮೆ ನುಣುಪು ಟೈರು ಹಾಕಿಕೊಂಡವನು, ಮಳೆ ಬಂದರೂ ಹೋದರೂ, ಕೊನೆಯವರೆಗೆ ಅದರಲ್ಲೇ ಕಾರನ್ನು ರಸ್ತೆಯ ಮೇಲೆ ಉಳಿಸಿಕೊಂಡ.

ಅಂಕ ಗಳಿಸಿದವರ ಪಟ್ಟಿಯಲ್ಲಿ ಕಾಣದವನು ಇನ್ನೊಬ್ಬ, ಬ್ರೆಜಿಲ್‌ನ ರೂಬೆನ್ಸ್ ಬ್ಯಾರಿಕೆಲ್ಲೊ. ವಯಸ್ಸು 20, ಇದು ಅವನ ಮೂರನೆಯ ಫಾರ್ಮುಲಾ ಒನ್ ಸ್ಪರ್ಧೆ. ಎಲ್ಲರ ಕಣ್ಣು ಸೆನ್ನಾ ಮೇಲಿದ್ದ ಅದೇ ಮೊದಲ ಸುತ್ತಿನಲ್ಲಿ ಈ ಹುಡುಗ 12ನೆಯ ಜಾಗದಿಂದ ನಾಲ್ಕನೆಯದಕ್ಕೆ ಬಂದಿದ್ದ. ದಾಟಿದವರ ಸಂಖ್ಯೆ ಲೆಕ್ಕ ಹಾಕಿದರೆ ಸೆನ್ನಾಗಿಂತ ಒಂದು ಕೈ ಮೇಲೆ. ಓಟ ಮುಗಿಯಲು ಆರು ಸುತ್ತು ಉಳಿದಿದ್ದಾಗ ಎಂಜಿನ್‌ಗೆ ಇಂಧನ ಸರಿಯಾಗಿ ತಲುಪದೆ ಅವನ ಜೋರ್ಡನ್ ಕಾರು ನಿಂತುಹೋಯಿತು. ಅಂಕ ಸೊನ್ನೆ. ಅವನ ಮೊದಲ ಗೆಲುವಿಗೆ ಏಳು ವರ್ಷ ಕಾಯಬೇಕಾಯಿತು. 2000ದಲ್ಲಿ ಜರ್ಮನಿಯ ಹಾಕೆನ್‌ಹೈಮ್‌ನಲ್ಲಿ 18ನೆಯ ಜಾಗದಿಂದ ಹೊರಟು, ಕೊನೆಯ ಸುತ್ತುಗಳಲ್ಲಿ ಮಳೆ ಬಿದ್ದಾಗಲೂ ಒಣ ರಸ್ತೆಯ ಟೈರಿನಲ್ಲೇ ಓಡಿಸಿ ಗೆದ್ದ. ಗೆದ್ದು ಬಿಕ್ಕಿಬಿಕ್ಕಿ ಅತ್ತ.

ಡಾನಿಂಗ್ಟನ್‌ನ ಸ್ಪರ್ಧೆಯ ನಂತರ ಪತ್ರಕರ್ತರ ಮುಂದೆ ಪ್ರಾಸ್ಟ್ ತನ್ನ ಕಾರಿನ ತೊಂದರೆಗಳನ್ನು ಒಂದೊಂದಾಗಿ ಹೇಳತೊಡಗಿದ. ಪಕ್ಕದಲ್ಲಿದ್ದ ಸೆನ್ನಾ, ಹಾಗಾದರೆ ಕಾರು ಅದಲುಬದಲು ಮಾಡಿಕೊಳ್ಳೋಣವೇ ಎಂದು ಕೇಳಿದ. ಎಲ್ಲರೂ ನಕ್ಕರು. ಏಳು ಬಾರಿ ಟೈರು ಬದಲಿಸಿದವನು ಅಂದಿನಿಂದ ನಗೆಪಾಟಲಿಗೆ ಈಡಾದ. ಪ್ರಾಸ್ಟ್‌ಗೆ ಮಳೆ ಎಂದರೆ ಭಯ ಎಂಬ ಮಾತು ಮೊದಲೇ ಇತ್ತು.

ಭಯ ಇತ್ತು, ನಿಜ. ಅದು ಎಲ್ಲಿಂದ ಬಂತೆಂದು ಕೇಳುವವರು ಕಡಿಮೆ. ಫಾರ್ಮುಲಾ ಒನ್ ಕಾರಿನ ಗಾಲಿಗಳಿಗೆ ಮೇಲೆ ಹೊದಿಕೆ ಇರುವುದಿಲ್ಲ. ಮಳೆಯಲ್ಲಿ ಅವು ಎತ್ತಿ ಎರಚುವ ನೀರು ಹಿಂದೆ ಬರುವವನಿಗೆ ಬಿಳಿಯ ಗೋಡೆಯಂತೆ. 1982ರ ಆಗಸ್ಟಿನಲ್ಲಿ, ಅದೇ ಹಾಕೆನ್‌ಹೈಮ್‌ನಲ್ಲಿ, ಮಳೆಯ ಅಭ್ಯಾಸದ ವೇಳೆ ಆ ಗೋಡೆಯ ಒಳಗಿದ್ದದ್ದು ಪ್ರಾಸ್ಟ್‌ನ ಕಾರು. ಹಿಂದಿನಿಂದ ಅತಿವೇಗದಲ್ಲಿ ಬಂದ ಡಿಡಿಯೆ ಪಿರೋನಿಗೆ ಅದು ಕಾಣಲೇ ಇಲ್ಲ. ಗಾಲಿಗೆ ಗಾಲಿ ಹತ್ತಿ ಪಿರೋನಿಯ ಫೆರಾರಿ ಗಾಳಿಯಲ್ಲಿ ಹಾರಿ ಬಿತ್ತು. ಎರಡೂ ಕಾಲುಗಳು ಜಜ್ಜಿಹೋದವು. ಆ ವರ್ಷದ ಅಂಕಪಟ್ಟಿಯಲ್ಲಿ ಎಲ್ಲರಿಗಿಂತ ಮುಂದಿದ್ದ ಆ ಚಾಲಕ ಮತ್ತೆಂದೂ ಫಾರ್ಮುಲಾ ಒನ್ ಸ್ಪರ್ಧೆಯಲ್ಲಿ ಓಡಲಿಲ್ಲ.

1989ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಧಾರಾಕಾರ ಮಳೆ. ಪ್ರಾಸ್ಟ್ ಒಂದು ಸುತ್ತು ಓಡಿಸಿ, ಕಾರು ನಿಲ್ಲಿಸಿ ಇಳಿದುಬಿಟ್ಟ. ಸೆನ್ನಾ ಮುಂದುವರಿದ. ಸ್ವಲ್ಪ ಹೊತ್ತಿನಲ್ಲಿ ಅದೇ ಬಿಳಿಯ ನೀರಿನ ಗೋಡೆಯೊಳಗೆ ನುಗ್ಗಿ ಮಾರ್ಟಿನ್ ಬ್ರಂಡಲ್‌ನ ಕಾರಿಗೆ ಹಿಂದಿನಿಂದ ಗುದ್ದಿದ. ಆ ಡಿಕ್ಕಿಯಲ್ಲಿ ಇಬ್ಬರಿಗೂ ಏನೂ ಆಗಲಿಲ್ಲ, ಅದು ಪುಣ್ಯ.

ಡಾನಿಂಗ್ಟನ್‌ನ ದಿನ ಸೆನ್ನಾನದು, ಅದರಲ್ಲಿ ಎರಡು ಮಾತಿಲ್ಲ. ಆದರೆ 1993ರ ವರ್ಷ ಪ್ರಾಸ್ಟ್‌ನದು. 99 ಅಂಕ ಗಳಿಸಿ ಅವನು ನಾಲ್ಕನೆಯ ಬಾರಿ ವಿಶ್ವ ಚಾಂಪಿಯನ್ ಆದ, ಸೆನ್ನಾಗೆ 73. ಬಲವಾದ ಕಾರು ಇತ್ತಲ್ಲ ಎನ್ನುವವರು ಎನ್ನಲಿ. ಏಳು ಬಾರಿ ನಿಂತೂ ಮೂರನೆಯವನಾಗಿ ಬಂದು ಅಂದು ಗಳಿಸಿದ ನಾಲ್ಕು ಅಂಕಗಳೂ ಆ 99ರಲ್ಲಿ ಸೇರಿವೆ.

ಆ ವರ್ಷದ ಕೊನೆಯ ಸ್ಪರ್ಧೆ ಅಡಿಲೇಡ್‌ನಲ್ಲೇ. ಸೆನ್ನಾ ಮೊದಲನೆಯವನು, ಪ್ರಾಸ್ಟ್ ಎರಡನೆಯವನು. ಪ್ರಾಸ್ಟ್‌ಗೆ ಅದೇ ಕೊನೆಯ ಓಟ. ವರ್ಷಗಟ್ಟಲೆ ಹಗೆ ಸಾಧಿಸಿದ್ದ ಸೆನ್ನಾ ಅವನ ಕೈ ಹಿಡಿದು ತಾನು ನಿಂತಿದ್ದ ಮೇಲಿನ ಮೆಟ್ಟಿಲಿಗೆ ಎಳೆದುಕೊಂಡ. ಸೆನ್ನಾಗೂ ಅದು ಕೊನೆಯ ಗೆಲುವಾಯಿತು. 1994ರ ಮೇ 1ರಂದು ಇಟಲಿಯ ಇಮೋಲಾದಲ್ಲಿ ಅವನ ಕಾರು ತಡೆಗೋಡೆಗೆ ಅಪ್ಪಳಿಸಿತು. ಅಂದು ಮಳೆ ಇರಲಿಲ್ಲ, ರಸ್ತೆ ಒಣಗಿತ್ತು. ಸಾವೊ ಪೌಲೊದಲ್ಲಿ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟ್ ಇದ್ದ, ಹಿಲ್ ಇದ್ದ, 22 ತುಂಬಲು ಇನ್ನೂ ಕೆಲವು ದಿನ ಬಾಕಿ ಇದ್ದ ಬ್ಯಾರಿಕೆಲ್ಲೊ ಇದ್ದ.