ಕ್ಲಚ್ ಹಿಡಿದರೆ ಮಾತ್ರ

ನಮ್ಮ ಕಾಲದಲ್ಲಿ ಗಾಡಿ ಸ್ಟಾರ್ಟ್ ಮಾಡುವುದೆಂದರೆ ಗಂಡಸರ ಕಸರತ್ತು. ಸ್ಕೂಟರನ್ನು ಒಂದು ಪಕ್ಕಕ್ಕೆ ವಾಲಿಸಿ, ಚೋಕ್ ಎಳೆದು, ಹತ್ತು ಸಲ ಒದೆಯಬೇಕು. ಸೀರೆಯುಟ್ಟವರಿಗೆ ಆಗುವ ಮಾತೇ? ಈಗ ಬೆರಳಲ್ಲಿ ಗುಂಡಿ ಒತ್ತಿದರೆ ಆಯಿತು. ಮಗಳು ಕಾಲೇಜಿಗೆಂದು ಹಳೆಯ ಬೈಕ್ ಕೊಂಡಾಗ ನನಗಿದ್ದದ್ದು ಒಂದೇ ದಿಗಿಲು: ಗೇರಿನಲ್ಲಿರುವಾಗ ಗುಂಡಿ ಒತ್ತಿದರೆ ಗಾಡಿ ಮುಂದಕ್ಕೆ ನೆಗೆಯದೆ?

ಗ್ಯಾರೇಜಿನ ಹುಡುಗ ಬಿಡಿಸಿ ಹೇಳಿದ. ಗುಂಡಿಯಲ್ಲಿ ಹರಿಯುವುದು ಚೂರೇ ಚೂರು ಕರೆಂಟು. ಅದು ರಿಲೇಯನ್ನು ಎಬ್ಬಿಸುತ್ತದೆ. ಬ್ಯಾಟರಿಯ ದೊಡ್ಡ ಕರೆಂಟನ್ನು ಸ್ಟಾರ್ಟರ್ ಮೋಟರಿಗೆ ಬಿಡುವುದು ಆ ರಿಲೇ. ಕಾವಲೆಲ್ಲ ಚೂರು ಕರೆಂಟಿನ ದಾರಿಯಲ್ಲೇ. ಗೇರಿನಲ್ಲಿದ್ದರೆ, ಕ್ಲಚ್ ಹಿಡಿದ ಹೊರತು ಅದು ರಿಲೇಯನ್ನು ಮುಟ್ಟದು. ಕ್ಲಚ್ ಹಿಡಿದಾಗ ಎಂಜಿನ್ನಿಗೂ ಚಕ್ರಕ್ಕೂ ನಂಟು ಬಿಟ್ಟಿರುತ್ತದಲ್ಲ, ಗಾಡಿ ನೆಗೆಯುವುದಿಲ್ಲ. ಈಗಿನ ಬಹಳಷ್ಟು ಬೈಕುಗಳಲ್ಲಿ ಸೈಡ್ ಸ್ಟ್ಯಾಂಡ್ ಇಳಿದಿರುವಾಗ ಗೇರ್ ಹಾಕಿದರೂ ಎಂಜಿನ್ ಆರಿಹೋಗುತ್ತದೆ. ಸ್ಟ್ಯಾಂಡ್ ಎತ್ತದೆ ಹೊರಟು, ಎಡ ತಿರುವಿನಲ್ಲಿ ಅದು ನೆಲಕ್ಕೆ ತಾಗಿ ಬಿದ್ದವರನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ.

ನಮ್ಮ ಬೈಕಿನ ಕ್ಲಚ್ ಹಿಡಿಯ ಬುಡದಲ್ಲಿ ಸ್ವಿಚ್ಚೇ ಇರಲಿಲ್ಲ! ಕೆಟ್ಟಾಗ ಯಾರೋ ಪುಣ್ಯಾತ್ಮರು ಎರಡು ತಂತಿ ಹೊಸೆದು ಟೇಪು ಸುತ್ತಿದ್ದರು.

“ಎಲ್ಲರೂ ಹೀಗೇ ಓಡಿಸ್ತಾರೆ ಅಕ್ಕಾ” ಎಂದ ಹುಡುಗ.

“ಓಡಿಸಲಿ. ನೀನು ಹೊಸದು ಹಾಕು” ಎಂದೆ.

ಕೀಲಿಕೈ ಮಗಳಿಗೆ ಕೊಟ್ಟದ್ದು ಆಮೇಲೆಯೇ.