ಅತ್ತೆಯವರ ಮಾತ್ರೆ, ನನ್ನ ಲೆಕ್ಕದ ಹಾಳೆ

ಅಡುಗೆಮನೆಯ ಬಾಗಿಲ ಹಿಂದಿನ ಕ್ಯಾಲೆಂಡರಿನಲ್ಲಿ 30 ವರ್ಷದಿಂದ ಹಾಲಿನ ಲೆಕ್ಕ ಬರೆದುಕೊಂಡು ಬಂದವಳು ನಾನು. ಅರ್ಧ ಲೀಟರಿಗೆ ಒಂದು ಗೀಟು, ಹಾಲು ಬಾರದ ದಿನಕ್ಕೆ ಸೊನ್ನೆ. ನನಗೆ ಗೊತ್ತಿದ್ದ ಲೆಕ್ಕಶಾಸ್ತ್ರ ಅಷ್ಟೇ. ಇಂಥವಳು 54ನೆಯ ವಯಸ್ಸಿನಲ್ಲಿ ಮೊಬೈಲಿನೊಳಗೆ ಒಂದು ಪುಟ್ಟ ಸಾಫ್ಟ್‌ವೇರ್ ಸಾಧನ ಮಾಡಿಕೊಂಡೆ ಎಂದರೆ ನಿಮಗೆ ನಗು ಬಂದೀತು. ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲೂ ನಕ್ಕರು. ಆದರೆ ಅದನ್ನು ಮಾಡುವ ಹಾಗೆ ಮಾಡಿದ ಆ ದಿನ ಮಾತ್ರ ನಮ್ಮಲ್ಲಿ ಯಾರಿಗೂ ನಗು ಬಂದಿರಲಿಲ್ಲ.

ನಮ್ಮೂರು ತಿಪಟೂರು. ಯಜಮಾನರು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗ ಬೆಂಗಳೂರಿನಲ್ಲಿದ್ದಾನೆ. ಮನೆಯಲ್ಲಿ ನಾವಿಬ್ಬರು ಮತ್ತು 81 ವರ್ಷದ ಅತ್ತೆ. ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಜೊತೆಗೆ ಬಿ.ಪಿ. ದಿನಕ್ಕೆ 5 ಮಾತ್ರೆ. ಕೈಗೆ ಬಿಡುವಿದ್ದವರು ಕೊಡುವುದು ಮನೆಯ ಪದ್ಧತಿ.

ಅಂದು ಕೊಬ್ಬರಿ ಹರಾಜು. ಇವರು ಬೇಗ ಹೊರಟರು. ಹೋಗುವಾಗ ತಾಯಿಗೆ ಬೆಳಗಿನ ಮಾತ್ರೆ ಕೊಟ್ಟೇ ಹೋಗಿದ್ದಾರೆ. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ಒಳಗೆ ಬಂದು, ಎಂದಿನಂತೆ ನಾನೂ ಕೊಟ್ಟೆ.

"ಆಗ್ಲೇ ತಗೊಂಡೆ ಅನ್ಸತ್ತೆ ಕಣೇ" ಎಂದರು ಅತ್ತೆ.

"ಅದು ನಿನ್ನೆ ಅತ್ತೆ, ನುಂಗಿ" ಎಂದೆ. ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಂದು ಅವರು ಉಪ್ಪಿಟ್ಟನ್ನೂ ಎರಡು ಚಮಚ ತಿಂದು ತಟ್ಟೆ ಸರಿಸಿದ್ದರು. ಹನ್ನೊಂದು ಗಂಟೆಯ ಹೊತ್ತಿಗೆ ಹಣೆ, ಕತ್ತು ಎಲ್ಲ ಬೆವರು. ಕೈ ನಡುಗುತ್ತಿತ್ತು. ನನ್ನನ್ನು ನಾದಿನಿಯ ಹೆಸರಿಟ್ಟು ಕರೆದರು. ಮೀಟರಿನಲ್ಲಿ ನೋಡಿದರೆ ಸಕ್ಕರೆ 48! ಎಪ್ಪತ್ತಕ್ಕಿಂತ ಕೆಳಗೆ ಹೋದರೇ ಅಪಾಯ ಎಂದು ಕೇಳಿದ್ದೆ. ಎಚ್ಚರವಿತ್ತು, ನುಂಗುವ ಶಕ್ತಿಯೂ ಇತ್ತು. ಮೂರು ಚಮಚ ಸಕ್ಕರೆ ಕದಡಿ ಕುಡಿಸಿ, ಪಕ್ಕದ ಮನೆಯವರನ್ನು ಕೂಗಿ ಆಟೋ ತರಿಸಿದೆ.

"ಎಷ್ಟು ಮಾತ್ರೆ ಕೊಟ್ಟಿದ್ದೀರಿ?" ಎಂದು ಡಾಕ್ಟರು ಕೇಳಿದಾಗ ಮಂಡಿಯಿಂದ ಓಡಿಬಂದ ಇವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಗ್ಲಿಮೆಪಿರೈಡ್ ಎಂಬ ಆ ಮಾತ್ರೆಯ ಪ್ರಭಾವ ಬಹಳ ಹೊತ್ತು ಇರುತ್ತದಂತೆ. ಒಮ್ಮೆ ಏರಿದ ಸಕ್ಕರೆ ಮತ್ತೆ ಇಳಿಯಬಹುದು ಎಂದು ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡರು. ದೇವರು ದೊಡ್ಡವನು, ಬೆಳಗಾಗುವ ಹೊತ್ತಿಗೆ ಕಾಫಿ ಕೇಳಿದರು.

ಆಮೇಲೆ ಏಳು ದಿನದ ಮಾತ್ರೆಡಬ್ಬಿ ತಂದೆವು. ಅತ್ತೆಯವರ ಬೆರಳಿಗೆ ಅದರ ಮುಚ್ಚಳ ಬಗ್ಗಲಿಲ್ಲ. ಬೆಂಗಳೂರಿನಿಂದ ಮಗ ದಿನಕ್ಕೆ ಮೂರು ಸಲ ಫೋನು ಮಾಡಿ "ಅಜ್ಜಿ ಮಾತ್ರೆ ತಗೊಂಡ್ರಾ?" ಎನ್ನುವುದೂ ತಪ್ಪಲಿಲ್ಲ. ಇದಕ್ಕೆಂದೇ ಇರುವ ಎರಡು ಆ್ಯಪ್ ಹಾಕಿಕೊಟ್ಟ. ಎರಡೂ ಇಂಗ್ಲಿಷು, ಹೊತ್ತಿಗೊಂದು ಗಂಟೆ ಬಾರಿಸುತ್ತಿದ್ದವು. ಯಾರು ಕೊಟ್ಟರು ಎಂಬ ನಮ್ಮ ಪ್ರಶ್ನೆಗೆ ಅವುಗಳಲ್ಲಿ ಜಾಗವೇ ಇರಲಿಲ್ಲ.

"ಹಾಲಿನ ಕ್ಯಾಲೆಂಡರಿನ ಹಾಗೆ ಒಂದು ಇದ್ದು, ಅದು ಮೂವರ ಫೋನಿನಲ್ಲೂ ಕಾಣೋ ಹಾಗಿದ್ರೆ ಸಾಕಾಗಿತ್ತಪ್ಪ" ಎಂದೆ.

"ಹಾಗಾದ್ರೆ ನೀನೇ ಮಾಡಮ್ಮ" ಎಂದವನು ಗೂಗಲ್ ಶೀಟ್ಸ್ ತೆರೆದು ತೋರಿಸಿದ. ಮನೆಮನೆಯಾಗಿ ಗೆರೆ ಹಾಕಿದ ಖಾಲಿ ಹಾಳೆ ಅದು. ಇಂಥ ಹಾಳೆ ಹುಟ್ಟಿದ ಕಥೆಯನ್ನೂ ಹೇಳಿದ. 1978ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್ ಎಂಬಾತ, ಕಪ್ಪುಹಲಗೆಯ ಮೇಲೆ ಒಂದು ಅಂಕಿ ಬದಲಾದರೆ ಮೇಷ್ಟ್ರು ಉಳಿದ ಅಂಕಿಗಳನ್ನೆಲ್ಲ ಒರೆಸಿ ತಿದ್ದುವ ಪಾಡು ಕಂಡನಂತೆ. ಒಂದನ್ನು ತಿದ್ದಿದರೆ ಉಳಿದವು ತಾವೇ ತಿದ್ದಿಕೊಳ್ಳಬಾರದೇಕೆ ಎನ್ನಿಸಿ, ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 'ವಿಸಿಕ್ಯಾಲ್ಕ್' ಮಾಡಿದ. 1979ರಲ್ಲಿ ಅದು ಮಾರಾಟಕ್ಕೆ ಬಂತು. ಅವನೂ ಕಣ್ಣೆದುರಿನ ಒಂದು ಪೇಚಾಟಕ್ಕೆ ಉಪಾಯ ಹುಡುಕಿದವನೇ ಎಂದು ಕೇಳಿ ನನಗೂ ಧೈರ್ಯ ಬಂತು.

ಎಡಗಡೆ ತಾರೀಖು. 5 ಮಾತ್ರೆಗೆ 5 ಉದ್ದ ಸಾಲು. ಪ್ರತಿ ಖಾನೆಯಲ್ಲೂ ಬೆರಳಿಟ್ಟರೆ ಸರಿ ಗುರುತು ಬೀಳುವ ಪುಟ್ಟ ಚೌಕ. ಪಕ್ಕದಲ್ಲಿ 'ಕೊಟ್ಟವರು'. ಮೇಲ್ಗಡೆ ಒಂದು ಸೂತ್ರ: ಇದ್ದ ಮಾತ್ರೆಗೆ ಹೊಸದಾಗಿ ತಂದದ್ದು ಕೂಡಿ, ಗುರುತು ಬಿದ್ದ ಚೌಕಗಳನ್ನು ಕಳೆದರೆ ಉಳಿದದ್ದೆಷ್ಟು ಎಂದು ಅದೇ ಹೇಳುತ್ತದೆ. ಐದಕ್ಕಿಂತ ಕಡಿಮೆಯಾದರೆ ಖಾನೆ ಕೆಂಪಾಗಬೇಕು. ಇಷ್ಟಕ್ಕೆ ನಾಲ್ಕು ಮಧ್ಯಾಹ್ನ ಹಿಡಿಯಿತು. ಒಂದು ದಿನ ಸಾರು ಹತ್ತಿ ತಳ ಸೀದದ್ದೂ ಉಂಟು.

ಒಂದು ವಾರ ಚೆನ್ನಾಗಿ ನಡೆಯಿತು. ಎಂಟನೆಯ ದಿನ ಲೆಕ್ಕದ ಖಾನೆಯಲ್ಲಿ ಅಂಕಿಯ ಬದಲು ಏನೋ ಇಂಗ್ಲಿಷ್ ಪದ ಬಂದು ಕೂತಿತು. ನನ್ನ ಎದೆ ಧಸಕ್ಕೆಂದಿತು. ನೋಡಿದರೆ, ಇವರು ಹೊಸ ಮಾತ್ರೆ ತಂದವರು '10' ಎಂದು ಬರೆಯುವ ಕಡೆ '10 ಮಾತ್ರೆ ತಂದೆ' ಎಂದು ಬರೆದಿದ್ದರು! ಅಂಕಿಯ ಜೊತೆ ಅಕ್ಷರ ಸೇರಿದರೆ ಪಾಪ, ಅದು ಹೇಗೆ ಕೂಡೀತು? "ಮಂಡಿ ಲೆಕ್ಕದಲ್ಲೂ ಹೀಗೇ ಬರೀತೀರಾ?" ಎಂದೆ. ಅಂದಿನಿಂದ ಆ ಸಾಲಿನ ತಲೆಯ ಮೇಲೆ 'ಬರೀ ಅಂಕಿ' ಎಂದು ಬರೆದಿಟ್ಟೆ.

ಆದರೆ ದೊಡ್ಡ ತಪ್ಪು ಬೇರೆಯೇ ಇತ್ತು. ಅದನ್ನು ತೋರಿಸಿದವರು ಅತ್ತೆ.

ಒಂದು ಸಂಜೆ ನಾನು ಇವರಿಗೆ ಹಾಳೆ ತೋರಿಸುತ್ತಾ ಕೂತಿದ್ದೆ. ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತಿ ಕೇಳಿದರು. "ನನ್ನ ಮಾತ್ರೆ ಲೆಕ್ಕ ಊರೋರ್ಗೆಲ್ಲ ಕಾಣತ್ತೆ, ನಂಗೆ ಮಾತ್ರ ಕಾಣಲ್ಲ ಅಲ್ವೇನೇ?" ಸ್ವಲ್ಪ ಸುಮ್ಮನಿದ್ದು, "ಅವತ್ತೂ ನಾನು ಹೇಳ್ದೆ. ನೀನು ಕೇಳ್ಲಿಲ್ಲ" ಎಂದರು.

ನನ್ನ ಕಣ್ಣು ತುಂಬಿತು. ನಾಲ್ಕು ಮಧ್ಯಾಹ್ನ ಕೂತು ಮಾಡಿದ ಹಾಳೆಯಲ್ಲಿ ನುಂಗುವವರಿಗೇ ಒಂದು ಜಾಗ ಇರಲಿಲ್ಲ ನೋಡಿ.

"ತಪ್ಪಾಯ್ತು ಅತ್ತೆ. ಏನು ಸೇರಿಸ್ಲಿ, ಹೇಳಿ" ಎಂದೆ.

"ತಿಂಡಿ ತಿಂದ್ಲಾ ಅಂತ ಮೊದ್ಲು ಕೇಳು. ಆಮೇಲೆ ಮಾತ್ರೆ."

ಡಾಕ್ಟರೂ ಹೇಳಿದ್ದು ಅದನ್ನೇ, ಆ ಮಾತ್ರೆ ತಿಂಡಿಯ ಜೊತೆಗೇ ಹೋಗಬೇಕು ಎಂದು. ನನ್ನ ಹಾಳೆ ಅದನ್ನು ಮರೆತಿತ್ತು. ಅಂದೇ ಎಲ್ಲಕ್ಕಿಂತ ಮೊದಲ ಸಾಲಾಗಿ 'ತಿಂಡಿ ಆಯ್ತಾ?' ಸೇರಿಸಿ, ಅಕ್ಷರ ದೊಡ್ಡದು ಮಾಡಿದೆ. ಈಗ ಫೋನು ಅತ್ತೆಯವರ ಮುಂದೆ ಹಿಡಿಯುತ್ತೇವೆ. ಗುರುತು ಹಾಕುವ ಬೆರಳು ಅವರದೇ. ತಿಂಡಿ ಸೇರದ ದಿನ ಆ ಚೌಕ ಖಾಲಿ ಉಳಿಯುತ್ತದೆ. ಮಾತ್ರೆ ಕೈಗೆತ್ತಿಕೊಳ್ಳುವ ಮೊದಲು ಡಾಕ್ಟರಿಗೆ ಫೋನು ಮಾಡಿ ಕೇಳುತ್ತೇವೆ.

ನೀವೂ ಮಾಡಿಕೊಳ್ಳುವುದಾದರೆ ನನ್ನ ಅನುಭವದ ಎರಡು ಮಾತು. ಹಾಳೆಯನ್ನು ಮನೆಯವರಿಗಷ್ಟೇ ಕಾಣುವಂತೆ ಇಡಿ, ಕಾಯಿಲೆಯ ವಿಷಯ ಕಂಡವರಿಗೆಲ್ಲ ಬೇಡ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ಡಾಕ್ಟರ ಕೆಲಸ, ಹಾಳೆಯದಲ್ಲ. ಮಾತ್ರೆಗಳ ಹೆಸರನ್ನು ಒಂದು ಚೀಟಿಯಲ್ಲೂ ಬರೆದು ಪರ್ಸಿನಲ್ಲಿಡಿ. ನೆಟ್ ಇಲ್ಲದಾಗ ಒಬ್ಬರು ಹಾಕಿದ ಗುರುತು ಇನ್ನೊಬ್ಬರಿಗೆ ಕಾಣುವುದಿಲ್ಲ, ಆಗ ಬಾಯಿಬಿಟ್ಟು ಕೇಳುವುದೊಂದೇ ದಾರಿ.

ಎರಡು ಅಲ್ಲ, ನಾಲ್ಕು ಮಾತು ಆಯಿತೇನೋ! ಇನ್ನೊಂದು ಹೇಳಿ ಮುಗಿಸುತ್ತೇನೆ. ಹಿರಿಯರು "ಆಗ್ಲೇ ತಗೊಂಡೆ" ಎಂದರೆ, ಯಾವ ಹಾಳೆ ಏನೇ ಹೇಳಲಿ, ಒಂದು ಗಳಿಗೆ ಕೈ ತಡೆದು ಅವರ ಮಾತು ಕೇಳಿ.