ಕಡಲಕ್ಕಿಯ ಊರು ಯಾವುದು?

ಪುತ್ತೂರಿನ ದರ್ಬೆ ಪೇಟೆಯಿಂದ ಸ್ವಲ್ಪ ಒಳಗೆ ನಮ್ಮ ಮನೆ, ಹಿಂದೆ ಅಡಿಕೆ ತೋಟ. ಮಂಗಳೂರು ಅಷ್ಟೇನೂ ದೂರವಿಲ್ಲ. ಆದರೂ ಅಮ್ಮ ಸಮುದ್ರ ನೋಡದೆ ವರ್ಷಗಳೇ ಆಗಿದ್ದವು. ಮಾರ್ಚ್ ಮೊದಲ ವಾರ ಬೆಂಗಳೂರಿನಿಂದ ಬಂದವನು, "ಅಮ್ಮಾ, ಒಂದು ರೌಂಡ್ ಹೋಗಿ ಬರುವ" ಎಂದೆ. ಬೆಂಗಳೂರಲ್ಲಿ ಫ್ಲ್ಯಾಟ್‌ಗೆ ಅಡ್ವಾನ್ಸ್ ಕೊಟ್ಟ ಸುದ್ದಿ ಮನೆಯೊಳಗೆ ಹೇಳಲು ಧೈರ್ಯ ಬಂದಿರಲಿಲ್ಲ.

ಮಾಣಿ, ಬಿ.ಸಿ.ರೋಡ್, ಮಂಗಳೂರು ದಾಟಿ ಸಸಿಹಿತ್ಲು ಮುಟ್ಟುವಾಗ ಸಂಜೆ ನಾಲ್ಕು. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಅಳಿವೆ ಅದು. ಮರಳ ದಿಬ್ಬದ ಮೇಲೆ ಬಿಳಿ ಹಕ್ಕಿಗಳ ಹಿಂಡು. ಬೂದು ಬೆನ್ನು, ಕೆಂಪು ಕೊಕ್ಕು, ಕೆಂಪು ಕಾಲು. ಹಾರಿದಾಗ ರೆಕ್ಕೆಯ ಕಪ್ಪು ತುದಿಯಲ್ಲೊಂದು ಬಿಳಿ ಮಚ್ಚೆ. ಕಂದು ತಲೆಯ ಕಡಲಕ್ಕಿಗಳು.

"ಕೆಲವಕ್ಕೆ ಮಾತ್ರ ತಲೆ ಕಂದು, ಉಳಿದವಕ್ಕೆ ಬಿಳಿ ಉಂಟಲ್ಲ?" ಅಮ್ಮ ಕೇಳಿದರು. ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಚುಕ್ಕೆ ಅಷ್ಟೆ. ಊರಿಗೆ ಹೊರಡುವ ಸಮಯ ಬಂತೆಂದರೆ ಕಂದು ಟೊಪ್ಪಿ ಮೂಡುತ್ತದೆ.

ಆ ಊರಲ್ಲಿ ಸಮುದ್ರವೇ ಇಲ್ಲ! ಲಡಾಖ್, ಟಿಬೆಟ್, ಮಧ್ಯ ಏಷ್ಯಾದ ಎತ್ತರದ ಸರೋವರಗಳು ಇವುಗಳ ತವರು. ಲಡಾಖಿನ ತ್ಸೋ ಮೊರಿರಿ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ನಡುಗಡ್ಡೆಗಳ ನೆಲದ ಮೇಲೆ ಗುಂಪುಗುಂಪಾಗಿ ಗೂಡು ಮಾಡಿ, ಬೇಸಿಗೆಯಲ್ಲಿ ಎರಡು ಮೂರು ಮೊಟ್ಟೆ ಇಡುತ್ತವೆ. ಗಂಡೂ ಹೆಣ್ಣೂ ಸರದಿಯಲ್ಲಿ ಕಾವು ಕೊಡುತ್ತವೆ. ಚಳಿಗಾಲಕ್ಕೆ ಸರೋವರ ಹೆಪ್ಪುಗಟ್ಟುವ ಮೊದಲು ಹೊರಟು, ಹಿಮಾಲಯ ದಾಟಿ ನಮ್ಮ ಕರಾವಳಿಗೆ ಬರುತ್ತವೆ.

"ಹೊಟ್ಟೆಪಾಡು ಇಲ್ಲಿ, ಮಕ್ಕಳುಮರಿ ಅಲ್ಲಿ. ಹಾಗಾದರೆ ಇದರ ಊರು ಯಾವುದು ಮಾರಾಯ?"

ಎಂಟು ವರ್ಷದಿಂದ ನನಗೂ ಗೊತ್ತಿಲ್ಲದ ಉತ್ತರ. ಫ್ಲ್ಯಾಟಿನ ವಿಷಯ ಹೇಳಿಬಿಟ್ಟೆ.

ಅಮ್ಮ ಚರುಮುರಿ ಪೊಟ್ಟಣವನ್ನು ಮಡಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಷ್ಟನೇ ಮಾಳಿಗೆ?"

"ಏಳು."

"ಆ ಹಕ್ಕಿಯೇ ನೆಲದಲ್ಲಿ ಗೂಡು ಮಾಡುತ್ತದೆ ಅಂದೆಯಲ್ಲ!"

ಇಬ್ಬರಿಗೂ ನಗು ಬಂತು. ಅಮ್ಮನ ಕಣ್ಣು ಮಾತ್ರ ಒದ್ದೆಯಾಗಿತ್ತು.

ನೀವೂ ಒಮ್ಮೆ ಹೋಗಿ ಬನ್ನಿ. ನವೆಂಬರಿನಿಂದ ಮಾರ್ಚ್‌ವರೆಗೆ ಒಳ್ಳೆಯ ಸಮಯ. ಫೋಟೋಗಾಗಿ ಹಿಂಡನ್ನು ಓಡಿಸಬೇಡಿ, ಚಿಪ್ಸ್ ಎಸೆಯಬೇಡಿ. ಅವಕ್ಕೆ ದೂರದ ಪ್ರಯಾಣ ಬಾಕಿ ಇದೆ.

ವಾಪಸ್ ಬರುವಾಗ ಮಾಣಿ ಹತ್ತಿರ ಅಮ್ಮ ತಾವಾಗಿಯೇ ಹೇಳಿದರು: "ಮಳೆಗಾಲಕ್ಕೆ ನಾನು ಬೆಂಗಳೂರಿಗೆ ಬರುವವಳಲ್ಲ, ಅಡಿಕೆಗೆ ಮದ್ದು ಬಿಡಿಸಲಿಕ್ಕುಂಟು. ಚಳಿಗಾಲದಲ್ಲಿ ಬೇಕಾದರೆ ನೋಡುವ."